ಕೇರಿ, ಪೇಟೆ, ಬಡಾವಣೆ



ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಊರಿನಿಂದ ನಮ್ಮ ದೊಡ್ಡಪ್ಪನ ಮಗ ಫೋನು ಮಾಡಿದರು. ನಮ್ಮೂರು ಕೊಪ್ಪ. ಕೊಪ್ಪ ಎಂದ ಕೂಡಲೇ ನಿಮ್ಮಲ್ಲಿ ಹಲವರಿಗೆ ಕಾಫಿ, ಅಡಿಕೆಯ ಮಲೆನಾಡಿನ ಕೊಪ್ಪ ನೆನಪಿಗೆ ಬರುತ್ತದೆ. ನಾನು ಹೇಳುತ್ತಿರುವುದು ಅದಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪ. ಒಂದು ಹೋಬಳಿ ಕೇಂದ್ರ. ಕಬ್ಬು, ರಾಗಿ, ರೇಷ್ಮೆಯ ಸೀಮೆ.

"ಹಳೇ ಮನೆ ಕೆಡವ್ತಾ ಇದೀವಿ ಕಣಪ್ಪ. ಫೋಟೊಗೀಟೊ ತೆಗೀಬೇಕು ಅಂತಿದ್ರೆ ಬಂದು ತಕ್ಕೊ. ಇನ್ನು ಹದಿನೈದು ದಿವಸ ಅಷ್ಟೆ" ಎಂದರು ಅಣ್ಣ.

ನಾನು ವಿಜ್ಞಾನದ ಪದವೀಧರ. ಹೊಟ್ಟೆಪಾಡಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ತಯಾರಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ಕ್ಯಾಮೆರಾ ಹಿಡಿದವರನ್ನು ಜೊತೆಗೆ ಕರೆದುಕೊಂಡು ದೇವಸ್ಥಾನ, ಕೋಟೆ, ಅರಮನೆಗಳನ್ನು ಸುತ್ತಿದ್ದೇನೆ. ಆದರೆ ನಾನು ಹುಟ್ಟಿದ ಮನೆಯ ಒಂದೇ ಒಂದು ಸರಿಯಾದ ಚಿತ್ರ ನನ್ನ ಬಳಿ ಇರಲಿಲ್ಲ. ಇದ್ದ ಚಿತ್ರಗಳೆಲ್ಲ ಮದುವೆಯವು. ಅವುಗಳಲ್ಲಿ ಕಾಣುವುದು ನೆಂಟರು, ಮನೆಯಲ್ಲ. ಆ ಸಂಜೆಯೇ ಹೊರಟೆ. ಆ ಮನೆಯ ನೆಪದಲ್ಲಿ, ಜನ ವಾಸಿಸುವ ಹಳೆಯ ಬೀದಿಗಳ ಬಗ್ಗೆ ಈ ದಿನ ನಿಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇನೆ.

ಮೊದಲು ಆ ಮನೆಯನ್ನೇ ನೋಡೋಣ. ಅದೊಂದು ತೊಟ್ಟಿ ಮನೆ. ಬೀದಿಗೆ ಜಗಲಿ, ಒಳಗೆ ಹಜಾರ, ನಡುವೆ ಆಕಾಶಕ್ಕೆ ತೆರೆದುಕೊಂಡ ತೊಟ್ಟಿ, ಅದರ ಸುತ್ತ ಕಂಬಗಳ ಸಾಲು, ಆಚೆ ಅಡುಗೆಮನೆ, ಬಚ್ಚಲು, ಕೊಟ್ಟಿಗೆ, ಹಿತ್ತಿಲು. ನಮ್ಮ ಕಡೆ ಮನೆಯ ಅಳತೆಯನ್ನು ಚದರದಲ್ಲಿ ಹೇಳುವ ರೂಢಿ ಬಂದದ್ದು ಈಚೆಗೆ. ಹಿಂದೆ ಅಂಕಣದ ಲೆಕ್ಕ. ಎರಡು ಕಂಬಗಳ ನಡುವಣ ಜಾಗ ಒಂದು ಅಂಕಣ. ಎರಡಡಿ ದಪ್ಪದ ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ. ಮೊದಲು ಕುಂಬಾರರು ಮಾಡಿದ ನಾಡಹೆಂಚು ಇತ್ತಂತೆ. ನಮ್ಮ ತಾತನ ಕಾಲಕ್ಕೆ ಮುಂಭಾಗಕ್ಕೆ ಮಂಗಳೂರು ಹೆಂಚು ಬಂತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಯಂತ್ರದಲ್ಲಿ ಒತ್ತಿದ, ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹೆಂಚು ದಕ್ಷಿಣ ಭಾರತದ ಮನೆಗಳ ಚಹರೆಯನ್ನೇ ಬದಲಾಯಿಸಿತು.

ಬೇಸಿಗೆಯ ಮಧ್ಯಾಹ್ನ ಇಂಥ ಮನೆಯೊಳಗೆ ಕಾಲಿಟ್ಟವರಿಗೆ ತಂಪು ಏಕೆ ಎನ್ನುವುದನ್ನು ನಿಮ್ಮ ಭೌತಶಾಸ್ತ್ರದ ಪುಸ್ತಕವೇ ಹೇಳುತ್ತದೆ. ದಪ್ಪ ಮಣ್ಣಿನ ಗೋಡೆ ಉಷ್ಣವನ್ನು ತುಂಬಾ ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಮಧ್ಯಾಹ್ನ ಹೊರಮೈಗೆ ತಾಗಿದ ಬಿಸಿಲಿನ ಕಾವು ಒಳಮೈಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಆಗ ಹೊರಗೆ ತಂಪು, ಅಪಾಯವಿಲ್ಲ. ಇನ್ನು ತೊಟ್ಟಿ. ರಾತ್ರಿ ಅದರ ಕಲ್ಲಿನ ನೆಲ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಸೂಸಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ತೊಟ್ಟಿಯೊಳಗೆ ಇಳಿದು ಸುತ್ತಲ ಕೋಣೆಗಳಿಗೆ ಹರಡುತ್ತದೆ. ಹಗಲು ಬಿಸಿಯಾದ ಗಾಳಿ ಅದೇ ತೊಟ್ಟಿಯ ಮೂಲಕ ಮೇಲೇರಿ ಹೋಗುತ್ತದೆ. ಹೀಗೆ ಮನೆ ದಿನಕ್ಕೊಂದು ಸಲ ಉಸಿರಾಡುತ್ತದೆ.

ಇದಕ್ಕೆ ಹೋಲಿಸಿದರೆ ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿ ಮಧ್ಯಾಹ್ನದ ಬಿಸಿಲನ್ನು ಕುಡಿದು, ಕೆಲವೇ ತಾಸುಗಳಲ್ಲಿ, ಅಂದರೆ ನೀವು ಸಂಜೆ ಓದಲು ಕೂರುವ ಹೊತ್ತಿಗೆ ಸರಿಯಾಗಿ, ಅದನ್ನು ನಿಮ್ಮ ತಲೆಯ ಮೇಲೆ ಸುರಿಯುತ್ತದೆ. ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ತಿರುಗುತ್ತದೆ. ನಂಬದಿದ್ದರೆ ಎರಡು ಥರ್ಮಾಮೀಟರುಗಳನ್ನು ತೆಗೆದುಕೊಂಡು ಒಂದನ್ನು ಹೆಂಚಿನ ಮನೆಯಲ್ಲೂ ಇನ್ನೊಂದನ್ನು ತಾರಸಿ ಮನೆಯಲ್ಲೂ ತೂಗುಹಾಕಿ, ಗಂಟೆಗೊಮ್ಮೆ ಬರೆದುಕೊಂಡು ಗ್ರಾಫ್ ಹಾಕಿ ನೋಡಿ.

ಇಷ್ಟನ್ನೂ ನಾನು ಅಂದು ಅಣ್ಣನ ಮನೆಯವರಿಗೆ ವಿವರಿಸಿದೆ. ಅತ್ತಿಗೆ ಕೊನೆಯವರೆಗೂ ಕೇಳಿಸಿಕೊಂಡು ಹೇಳಿದರು: "ನೀವು ಬೆಂಗಳೂರಲ್ಲಿ ಕುಂತ್ಕೊಂಡು ಚೆನ್ನಾಗಿ ಹೇಳ್ತೀರಿ ಕಣಪ್ಪ. ಮಳೆ ಬಂದ್ರೆ ಎಲ್ಲೆಲ್ಲಿ ಪಾತ್ರೆ ಮಡಗಬೇಕು ಅನ್ನೋದು ನನಗೆ ಗೊತ್ತು. ಹೆಂಚು ಕೈಯಾಡಿಸೋರು ಈಗ ಯಾರಿದಾರೆ? ಜಂತೀನೆಲ್ಲ ಗೆದ್ದಲು ತಿಂದದೆ. ಒಳಗೆ ಹಗಲೂ ದೀಪ ಹಾಕ್ಬೇಕು."

ನನ್ನ ಬಳಿ ಉತ್ತರವಿರಲಿಲ್ಲ. ಹಳೆಯ ಮನೆಗಳನ್ನು ಕುರಿತು ಮಾತನಾಡುವವರು ಬಹುಮಟ್ಟಿಗೆ ಅವುಗಳಲ್ಲಿ ವಾಸಿಸದವರು ಎಂಬ ಮಾತನ್ನು ಇಲ್ಲಿಯೇ ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಮನೆ ಒಂಟಿಯಾಗಿ ನಿಲ್ಲುವುದಿಲ್ಲ. ಅದು ಒಂದು ಬೀದಿಯಲ್ಲಿ ನಿಂತಿರುತ್ತದೆ. ನಮ್ಮ ಸೀಮೆಯ ಹಳೆಯ ಬೀದಿಗಳಲ್ಲಿ ಎಲ್ಲ ಮನೆಗಳ ಜಗಲಿಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ, ಒಂದೇ ಸಾಲಿನಲ್ಲಿ ಇರುತ್ತಿದ್ದವು. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಸಂಜೆ ಜಗಲಿಯ ಮೇಲೆ ಕುಳಿತವರು ಬೀದಿಯನ್ನು ಕಾಯುತ್ತಿದ್ದರು. ಯಾರ ಮಗು ಎತ್ತ ಓಡಿತು, ಯಾರ ಮನೆಗೆ ನೆಂಟರು ಬಂದರು ಎಂಬುದು ಅವರಿಗೆ ತಿಳಿಯುತ್ತಿತ್ತು. ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ದೊಡ್ಡ ನಗರಗಳ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಇದನ್ನೇ ನ್ಯೂಯಾರ್ಕಿನ ಬೀದಿಗಳ ಉದಾಹರಣೆಯೊಡನೆ ವಾದಿಸಿದ್ದಾರೆ. ಬೀದಿಯನ್ನು ಸುರಕ್ಷಿತವಾಗಿಡುವುದು ಪೊಲೀಸರಿಗಿಂತ ಮೊದಲು ಅಲ್ಲಿನ ನಿವಾಸಿಗಳ ಕಣ್ಣುಗಳು ಎನ್ನುವುದು ಅವರ ವಾದದ ಸಾರ. ನಮ್ಮ ಅಜ್ಜಿಯಂದಿರಿಗೆ ಇದು ಹೊಸ ವಿಷಯವಾಗಿರಲಿಲ್ಲ.

ಆದರೆ ಬೀದಿಗೆ ಇನ್ನೊಂದು ಮುಖವೂ ಇತ್ತು. ನಮ್ಮ ಹಳ್ಳಿಗಳ ನಕ್ಷೆ ಬರೆದರೆ ಅದು ಜಾತಿಯ ನಕ್ಷೆಯೂ ಆಗುತ್ತದೆ. ಒಕ್ಕಲಿಗರ ಬೀದಿ, ಲಿಂಗಾಯತರ ಬೀದಿ, ಬೆಸ್ತರ ಬೀದಿ, ಕುಂಬಾರ ಬೀದಿ, ಅಗ್ರಹಾರ. ಇವೆಲ್ಲ ಮುಗಿದ ಮೇಲೆ, ನಡುವೆ ಒಂದಿಷ್ಟು ಬಯಲು ಬಿಟ್ಟು, ದಲಿತರ ಕೇರಿ. ಆ ಬಯಲು ಆಕಸ್ಮಿಕವಾಗಿ ಉಳಿದದ್ದಲ್ಲ. ಯಾರು ಯಾವ ಬಾವಿಯ ನೀರು ಸೇದಬೇಕು, ಯಾರು ಯಾವ ಬೀದಿಯಲ್ಲಿ ನಡೆಯಬಹುದು ಎಂಬುದನ್ನು ಆ ನಕ್ಷೆಯೇ ಹೇಳುತ್ತಿತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ವಿಧಿ ರದ್ದುಪಡಿಸಿತು. ಆದರೆ ಮನೆಗಳು ಇದ್ದಲ್ಲೇ ಇದ್ದವು. ಹಳೆಯದನ್ನು ಉಳಿಸಬೇಕು ಎಂದು ಹೇಳುವಾಗ ಇದರಲ್ಲಿ ಯಾವುದನ್ನು ಉಳಿಸುತ್ತೇವೆ ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಹಳ್ಳಿ ಬಿಟ್ಟು ನಗರಕ್ಕೆ ಬರೋಣ. ಬೆಂಗಳೂರಿನ ಹಳೆಯ ಪೇಟೆಯನ್ನು ಕೆಂಪೇಗೌಡರು ಕಟ್ಟಿದ್ದು 1537ರಲ್ಲಿ ಎಂದು ನೀವು ಓದಿದ್ದೀರಿ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ. ಆ ಹೆಸರುಗಳನ್ನು ಓದಿದರೆ ಸಾಕು, ಯಾರು ಏನು ಮಾಡುತ್ತಿದ್ದರು ಎಂಬುದು ತಿಳಿಯುತ್ತದೆ. ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ. ನಗರ ನಿರ್ಮಾಣದ ಇಂದಿನ ತಜ್ಞರು ವಾಸ ಮತ್ತು ವ್ಯಾಪಾರ ಒಂದೆಡೆ ಇರುವುದು ಒಳ್ಳೆಯದು ಎಂದು ಈಗ ಹೇಳುತ್ತಿದ್ದಾರೆ. ಪೇಟೆಯವರು ಅದನ್ನು ಸುಮಾರು ಐದು ಶತಮಾನದಿಂದ ಮಾಡಿಕೊಂಡು ಬಂದಿದ್ದಾರೆ.

ಬೆಂಗಳೂರು ಪೇಟೆಯಿಂದ ಹೊರಗೆ ಕಾಲು ಚಾಚಿದ್ದು ಒಂದು ಭಯದಿಂದ. 1892ರಲ್ಲಿ ಚಾಮರಾಜಪೇಟೆ ಯೋಜಿತ ಬಡಾವಣೆಯಾಗಿ ಆರಂಭವಾಗಿತ್ತು, ನಿಜ. ಆದರೆ ನಿಜವಾದ ತಳ್ಳು ಬಂದದ್ದು 1898ರ ಆಗಸ್ಟಿನಲ್ಲಿ, ಪ್ಲೇಗಿನಿಂದ. ಇಕ್ಕಟ್ಟಿನ ಮನೆಗಳು, ಧಾನ್ಯದ ಮೂಟೆಗಳು, ಅವುಗಳ ಜೊತೆ ಇಲಿಗಳು. ಇಲಿಯ ಮೈಮೇಲಿನ ಚಿಗಟ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆ ಎಂಬುದು ಆಗ ವೈದ್ಯರಲ್ಲೇ ಇನ್ನೂ ಚರ್ಚೆಯಲ್ಲಿತ್ತು. ಆದರೂ ಗಾಳಿ ಬೆಳಕಿಲ್ಲದ ಗಲ್ಲಿಗಳಲ್ಲಿ ಸಾವು ಹೆಚ್ಚು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಮೈಸೂರು ಸರ್ಕಾರ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮುಂದೆ ಇವರೇ ದಿವಾನರಾದರು. ಆ ವರ್ಷವೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಜನ ದೇವಿಯ ಮೊರೆಯನ್ನೂ ಹೊಕ್ಕರು. ಪ್ಲೇಗ್ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಒಂದೇ ರೋಗ ಒಂದು ಕಡೆ ಬಡಾವಣೆಯನ್ನೂ ಇನ್ನೊಂದು ಕಡೆ ದೇವತೆಯನ್ನೂ ಕೊಟ್ಟಿತು.

ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ನಡೆದಾಡಿದವರಿಗೆ ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಸಣ್ಣ ಓಣಿಗಳು ಕಾಣುತ್ತವೆ. ಕನ್ಸರ್ವೆನ್ಸಿ ಓಣಿ ಎಂದು ಅವುಗಳ ಹೆಸರು. ಒಮ್ಮೆ ಅಲ್ಲಿ ಚಿತ್ರೀಕರಣಕ್ಕೆ ಹೋದಾಗ ನಮ್ಮ ಕ್ಯಾಮೆರಾಮನ್ ಆ ಓಣಿಯ ನೆರಳು ಬೆಳಕು ನೋಡಿ ತುಂಬಾ ಖುಷಿಪಟ್ಟರು. ಗೋಡೆಯ ಮೇಲೆ ಹಬ್ಬಿದ ಬಳ್ಳಿ, ಕಲ್ಲಿನ ಚರಂಡಿ, ಎಲ್ಲವೂ ಚೆಂದ. ಆ ಓಣಿ ಏತಕ್ಕೆ ಎಂದು ವಿಚಾರಿಸಿದಾಗ ಎಲ್ಲರೂ ಸುಮ್ಮನಾದೆವು. ಒಳಚರಂಡಿ ಬರುವ ಮುಂಚೆ, ಮನೆಗಳ ಹಿಂದಿನ ಪಾಯಿಖಾನೆಗಳಿಂದ ಮಲವನ್ನು ತಲೆಯ ಮೇಲೆ ಹೊತ್ತು ಸಾಗಿಸುವವರು ಮುಂಬೀದಿಯಲ್ಲಿ ಕಾಣಿಸಿಕೊಳ್ಳದಂತೆ ಬಿಟ್ಟ ದಾರಿ ಅದು. ವಿಶಾಲವಾದ ರಸ್ತೆ, ಸಾಲುಮರ, ಕಾಂಪೌಂಡು, ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಮೊಗವಾಡ, ಇವೆಲ್ಲ ಮುಂದಿನ ನೋಟ. ಹಿಂದಿನ ನೋಟ ಈ ಓಣಿ. ಹೊಸ ಬಡಾವಣೆ ಆರೋಗ್ಯಶಾಸ್ತ್ರದ ಹೆಸರಿನಲ್ಲಿ ಬಂತು. ಆದರೆ ನಿವೇಶನ ಹಂಚುವಾಗ ಜಾತಿ ಸಮುದಾಯಗಳ ಲೆಕ್ಕವನ್ನು ಅದು ಬಿಡಲಿಲ್ಲ. ನಮ್ಮ ಹಳ್ಳಿಯ ನಕ್ಷೆ ಸ್ಕೇಲು ಪಟ್ಟಿ ಹಿಡಿದು ಮತ್ತೆ ಬರೆದಂತೆ.

ಆ ಓಣಿಗಳಲ್ಲಿ ಕೆಲವು ಈಗ ಮುಚ್ಚಿಹೋಗಿವೆ, ಕೆಲವು ವಾಹನ ನಿಲ್ಲಿಸುವ ಜಾಗವಾಗಿವೆ. ನನ್ನನ್ನು ಕೇಳಿದರೆ ಒಂದನ್ನಾದರೂ ಹಾಗೇ ಉಳಿಸಿ, ಅದು ಏತಕ್ಕಿತ್ತು ಎಂದು ಬರೆದ ಒಂದು ಕಲ್ಲನ್ನು ನಿಲ್ಲಿಸಬೇಕು.

ಮೈಸೂರಿನಲ್ಲಿಯೂ ಪ್ಲೇಗೇ ನಗರವನ್ನು ತಿದ್ದಿತು. 1903ರಲ್ಲಿ ಅಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪನೆಯಾಯಿತು. ದೇಶದಲ್ಲೇ ಇಂಥ ಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಮಂಡ್ಯದ ಕತೆ ಬೇರೆ. ಅಲ್ಲಿ ಊರನ್ನು ಬೆಳೆಸಿದ್ದು ನೀರು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅದರ ಹಿಂದಿನ ಮುಖ್ಯ ಪ್ರೇರಕ. 1939ರಲ್ಲಿ ಮಂಡ್ಯ ಜಿಲ್ಲೆಯಾಯಿತು. ಆಮೇಲೆ ಪಟ್ಟಣ ಹಿಗ್ಗುತ್ತಾ ಹೋಗಿ ಗುತ್ತಲು, ಕಲ್ಲಹಳ್ಳಿ ಮುಂತಾದ ಹಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಮಂಡ್ಯದ ವಿದ್ಯಾರ್ಥಿಗಳು ಈ ಭಾಗಗಳಲ್ಲಿ ಗಮನಿಸಿ ನಡೆದರೆ, ನೇರವಾದ ರಸ್ತೆ ಇದ್ದಕ್ಕಿದ್ದಂತೆ ಸೊಟ್ಟಗಾಗಿ, ಕಿರಿದಾಗಿ, ಒಂದು ಅರಳಿಕಟ್ಟೆಯನ್ನೋ ಗುಡಿಯನ್ನೋ ಸುತ್ತಿಕೊಂಡು ಹೋಗುವ ಕಡೆ ನಿಲ್ಲಿ. ನೀವು ಹಳೆಯ ಹಳ್ಳಿಯೊಳಗೆ ಕಾಲಿಟ್ಟಿದ್ದೀರಿ.

ಈಗ ಸ್ವಲ್ಪ ದೂರ ಹೋಗಿಬರೋಣ. ಮನೆಗಳ ಒಂದು ಇಡೀ ಪ್ರದೇಶವನ್ನು, ಅಂದರೆ ಒಂದು ಅರಮನೆಯನ್ನೋ ಚರ್ಚನ್ನೋ ಅಲ್ಲ, ಸಾಧಾರಣ ಜನರ ಮನೆಗಳ ಸಾಲನ್ನು, ಕಾನೂನಿನಿಂದ ಕಾಪಾಡುವ ಕಲ್ಪನೆಯನ್ನು ಮೊದಲಿಗೆ ರೂಢಿಗೆ ತಂದವುಗಳಲ್ಲಿ ಅಮೆರಿಕದ ಊರುಗಳು ಮುಖ್ಯವಾದವು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರ 1931ರಲ್ಲಿ ತನ್ನ ಹಳೆಯ ಭಾಗವನ್ನು ಚಾರಿತ್ರಿಕ ಪ್ರದೇಶ ಎಂದು ಘೋಷಿಸಿ ನಿಯಮ ಮಾಡಿತು. ಅಲ್ಲಿ ಮನೆಯ ಹೊರರೂಪವನ್ನು ಬದಲಿಸಬೇಕಾದರೆ ಒಂದು ಮಂಡಲಿಯ ಒಪ್ಪಿಗೆ ಬೇಕು. ಚಾರ್ಲ್ಸ್‌ಟನ್ನಿನ ಮನೆಗಳೂ ವಿಜ್ಞಾನದ ಪಾಠವೇ. ಅದು ಸೆಖೆಯ ಊರು. ಮನೆಯ ಅಗಲ ಒಂದೇ ಕೋಣೆ. ಕಿರಿದಾದ ಬದಿ ಬೀದಿಗೆ, ಉದ್ದನೆಯ ಬದಿಯಲ್ಲಿ ಮೊಗಸಾಲೆ. ಗಾಳಿ ಒಂದು ಕಿಟಕಿಯಿಂದ ಬಂದು ಎದುರು ಕಿಟಕಿಯಿಂದ ಹೋಗುತ್ತದೆ, ಮೊಗಸಾಲೆಯ ನೆರಳು ಗೋಡೆಯನ್ನು ಕಾಯುತ್ತದೆ. ಸಾಗರಗಳಾಚೆಯ ಬಡಗಿಗೂ ನಮ್ಮ ಬಡಗಿಗೂ ಪಾಠ ಹೇಳಿದ ಸೂರ್ಯ ಒಬ್ಬನೇ.

ಜಾರ್ಜಿಯಾ ರಾಜ್ಯದ ಸವಾನಾ ಊರಿನ ಸಂಗತಿ ಇನ್ನೂ ಸ್ವಾರಸ್ಯವಾದದ್ದು. 1733ರಲ್ಲಿ ಓಗಲ್‌ಥಾರ್ಪ್ ಎಂಬುವರು ಅದನ್ನು ಚೌಕಗಳ ಲೆಕ್ಕದಲ್ಲಿ ಕಟ್ಟಿಸಿದರು: ನಡುವೆ ಒಂದು ಬಯಲು, ಸುತ್ತ ಮನೆಗಳು, ಮತ್ತೆ ಒಂದು ಬಯಲು. 1954ರಲ್ಲಿ ಅಲ್ಲಿನ ಎಲ್ಲಿಸ್ ಚೌಕದ ಹಳೆಯ ಮಾರುಕಟ್ಟೆಯನ್ನು ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಿದರು. ಮರುವರ್ಷ 1820ರ ಒಂದು ಹಳೆಯ ಮನೆಯನ್ನೂ ಕೆಡವಲು ಹೊರಟಾಗ ಏಳು ಮಂದಿ ಹೆಂಗಸರು ಸೇರಿ, ಹಣ ಒಟ್ಟುಮಾಡಿ, 22,500 ಡಾಲರಿಗೆ ಅದನ್ನು ಕೊಂಡರು. ಅವರು ಆರಂಭಿಸಿದ ಸಂಸ್ಥೆ ಮುಂದೆ ಹಳೆಯ ಮನೆಗಳನ್ನು ಕೊಂಡು, ಕೆಡವುವುದಿಲ್ಲ ಎಂಬ ಕರಾರಿನ ಮೇಲೆ ಮಾರಿ, ಬಂದ ಹಣದಿಂದ ಮತ್ತೊಂದನ್ನು ಕೊಳ್ಳುತ್ತಾ ಹೋಯಿತು. ಸುತ್ತುವ ಹಣ! ನಮ್ಮ ಮಹಿಳೆಯರ ಚೀಟಿ ವ್ಯವಹಾರ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಆ ಕಾರು ನಿಲ್ದಾಣ ಏನಾಯಿತು ಎನ್ನುವಿರಾ? ಅದನ್ನೂ ಕೆಡವಿ, ನೆಲದಡಿಯಲ್ಲಿ ಕಾರುಗಳಿಗೆ ಜಾಗ ಮಾಡಿ, 2010ರಲ್ಲಿ ಎಲ್ಲಿಸ್ ಚೌಕವನ್ನು ಮತ್ತೆ ಬಯಲಾಗಿ ತೆರೆದರು. ಮಾರುಕಟ್ಟೆ ಮಾತ್ರ ಮರಳಿ ಬರಲಿಲ್ಲ.

ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಿಂದ ಕೆಡವಲು ಆರಂಭಿಸಿದಾಗ ಜನ ಎಚ್ಚೆತ್ತರು. 1965ರಲ್ಲಿ ಆ ನಗರದ ಕಾನೂನು, ಮರುವರ್ಷ ಇಡೀ ದೇಶಕ್ಕೆ ಅನ್ವಯಿಸುವ ಸಂರಕ್ಷಣಾ ಕಾಯ್ದೆ ಬಂದವು. ಒಂದು ವಿಷಯವನ್ನು ಇಲ್ಲಿ ಸರಿಯಾಗಿ ತಿಳಿದುಕೊಳ್ಳಬೇಕು. ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮನೆಯ ಒಡೆಯ ತನ್ನ ಹಣದಿಂದ ತನ್ನ ಮನೆಯನ್ನು ಕೆಡವುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ತಡೆಯುವ ಶಕ್ತಿ ಇರುವುದು ಊರಿನ ನಿಯಮಕ್ಕೆ. ಕೇಂದ್ರ ಸರ್ಕಾರ ಕೊಡುವುದು ಬೇರೆ ಬಗೆಯ ಆಸೆ: ಬಾಡಿಗೆಗೋ ವ್ಯಾಪಾರಕ್ಕೋ ಬಳಸುವ ಚಾರಿತ್ರಿಕ ಕಟ್ಟಡವನ್ನು ಸರಿಯಾದ ಕ್ರಮದಲ್ಲಿ ದುರಸ್ತಿ ಮಾಡಿದರೆ, ಖರ್ಚಿನ ನೂರಕ್ಕೆ 20ರಷ್ಟನ್ನು ತೆರಿಗೆಯಲ್ಲಿ ಬಿಟ್ಟುಕೊಡುತ್ತಾರೆ. ನಮ್ಮ ಅತ್ತಿಗೆಯ ಪ್ರಶ್ನೆಗೆ, ಅಂದರೆ ಹೆಂಚು ಕೈಯಾಡಿಸುವ ಖರ್ಚು ಯಾರದು ಎಂಬುದಕ್ಕೆ, ಅವರು ಒಂದು ಮಟ್ಟಿನ ಉತ್ತರ ಹುಡುಕಿದ್ದಾರೆ.

ಹಾಗೆಂದು ಅಮೆರಿಕದ ಬೀದಿಗಳೆಲ್ಲ ಹೂವಿನ ತೋಟವೆಂದು ತಿಳಿಯಬೇಡಿ. 1930ರ ದಶಕದಲ್ಲಿ ಅಲ್ಲಿನ ಒಂದು ಸರ್ಕಾರಿ ಗೃಹಸಾಲ ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು ಬರೆಸಿತು. ಪ್ರತಿಯೊಂದು ವಸತಿ ಪ್ರದೇಶಕ್ಕೂ ಒಂದು ಬಣ್ಣ. ಹಸಿರು ಅತ್ಯುತ್ತಮ, ಆಮೇಲೆ ನೀಲಿ, ಹಳದಿ. ಕೆಂಪು ಎಂದರೆ ಸಾಲ ಕೊಡುವುದು ಅಪಾಯ. ಕಪ್ಪು ಜನರು ವಾಸಿಸುವ ಬೀದಿಗಳಿಗೆ ಹೆಚ್ಚುಕಡಿಮೆ ಎಲ್ಲೆಡೆ ಬಿದ್ದದ್ದು ಕೆಂಪು. ಸಾಲ ಸಿಗದ ಮನೆ ದುರಸ್ತಿಯಾಗುವುದಿಲ್ಲ. ದುರಸ್ತಿಯಾಗದ ಬೀದಿಯನ್ನು ಕೊಳೆಗೇರಿ ಎಂದು ಕರೆಯುವುದು ಸುಲಭ. ಕೊಳೆಗೇರಿ ಎಂದು ಕರೆದ ಮೇಲೆ ಅದರ ಮೇಲೆ ಹೆದ್ದಾರಿ ಎಳೆಯುವುದು ಇನ್ನೂ ಸುಲಭ. ಮಿನೆಸೋಟಾದ ಸೇಂಟ್ ಪಾಲ್ ನಗರದಲ್ಲಿ ರಾಂಡೊ ಎಂಬ ಕಪ್ಪು ಜನರ ಬಡಾವಣೆಯನ್ನು 1950, 60ರ ದಶಕಗಳಲ್ಲಿ ಸೀಳಿಕೊಂಡು ಹೆದ್ದಾರಿ ಹೋಯಿತು. ನೂರಾರು ಕುಟುಂಬಗಳು ಚದುರಿದವು. ವಸತಿಯಲ್ಲಿ ಭೇದಭಾವವನ್ನು ನಿಷೇಧಿಸುವ ಕಾಯ್ದೆ ಬಂದದ್ದು 1968ರಲ್ಲಿ. ಚಾರ್ಲ್ಸ್‌ಟನ್ನಿನ ಚೆಂದದ ಮನೆಗಳನ್ನು ಕಟ್ಟಿದ ಕೈಗಳಲ್ಲಿ ಗುಲಾಮರ ಕೈಗಳೂ ಇದ್ದವು ಎಂಬುದನ್ನೂ ಸೇರಿಸಿ ಹೇಳಬೇಕು. ಈಗ ಅಲ್ಲಿ ಇನ್ನೊಂದು ತೊಡಕು: ಉಳಿಸಿದ ಬೀದಿಗಳಲ್ಲಿ ಮನೆಯ ಬೆಲೆ ಏರಿ, ಬಡವರು ಹೊರಗೆ ಹೋಗಬೇಕಾಗುತ್ತದೆ. ಗೋಡೆ ಉಳಿಯಿತು, ನೆರೆಹೊರೆ ಹೋಯಿತು.

ನಮ್ಮಲ್ಲಿ ಏನಿದೆ? ಸ್ಮಾರಕಗಳಿಗೆ ಕಾನೂನಿದೆ. 1958ರ ಕೇಂದ್ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ: ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರು ನಿಯಂತ್ರಿತ. ಸ್ಮಾರಕಗಳು ಒತ್ತೊತ್ತಾಗಿರುವ ಶ್ರೀರಂಗಪಟ್ಟಣದಂಥ ಊರಿನಲ್ಲಿ ವಾಸಿಸುವವರಿಗೆ ಇದರ ಬಿಸಿ ತಿಳಿದೇ ಇರುತ್ತದೆ. ಆದರೆ ಇದು ಸ್ಮಾರಕವನ್ನು ಕಾಯುವ ನಿಯಮ, ಬೀದಿಯನ್ನು ಕಾಯುವುದಲ್ಲ. ಅಹಮದಾಬಾದಿನ ಹಳೆಯ ನಗರ, ಅದರ ಪೋಳ್ ಎಂಬ ಗಲ್ಲಿಗಳ ಮರದ ಮನೆಗಳ ಸಮೇತ, 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ರಾಜ್ಯದಲ್ಲಿ ಮೈಸೂರು ಹೆಸರಾದ ಪಾರಂಪರಿಕ ನಗರ. ಆದರೂ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವುವವರು ಮಾತ್ರವಲ್ಲ, ವರ್ಷವರ್ಷವೂ ಸುಣ್ಣ ಗಾರೆ ಕಾಣದ ಗೋಡೆಯೂ ಕಟ್ಟಡವನ್ನು ಬೀಳಿಸುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಗೋಡೆಯೊಳಗಿನ ತೇವ ಹೊರಹೋಗಲಾರದೆ ಒಳಗೇ ಕೊಳೆಸುತ್ತದೆ. ದುರಸ್ತಿ ಮಾಡಿಸಿದೆವು ಎಂದುಕೊಂಡು ಕೆಡಿಸುವುದು ಹೀಗೆ.

ಅರಮನೆ, ಮಾರುಕಟ್ಟೆಗಳದೇ ಈ ಗತಿ. ಕೊಪ್ಪದ ಒಂದು ತೊಟ್ಟಿ ಮನೆಯ ಪರವಾಗಿ ಯಾವ ಮಂಡಲಿಯೂ ಇಲ್ಲ, ಯಾವ ತೆರಿಗೆ ರಿಯಾಯಿತಿಯೂ ಇಲ್ಲ. ಅಣ್ಣನೊಡನೆ ಎರಡು ದಿನ ಮಾತನಾಡಿದೆ. ಮುಂಭಾಗ ಉಳಿಸಿ ಹಿಂದೆ ಹೊಸದು ಕಟ್ಟಬಹುದಲ್ಲ ಎಂದೆ. ಮರಗೆಲಸದವರನ್ನು ಕರೆಸಿ ತೋರಿಸಿದೆವು. ಅವರು ಉಳಿಯಿಂದ ಜಂತಿಯನ್ನು ತಟ್ಟಿದರು, ಪುಡಿ ಉದುರಿತು. ಬದಲಿಸಬೇಕಾದ ಮರದ ಖರ್ಚು ಹೊಸ ಮನೆಯ ಅರ್ಧದಷ್ಟಾಗುತ್ತಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿರುವ ರೈತನಿಗೆ, ನೀನು ನಿನ್ನ ದುಡ್ಡಿನಿಂದ ನನ್ನ ನೆನಪನ್ನು ದುರಸ್ತಿ ಮಾಡಿಸು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ನಾನೇ ಹಣ ಕೊಡುತ್ತೇನೆ ಎನ್ನುವ ಶಕ್ತಿಯೂ ಇರಲಿಲ್ಲ.

ಉಳಿದದ್ದು ಒಂದೇ ಕೆಲಸ. ಊರಿನ ನಾಲ್ವರು ಕಾಲೇಜು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಮನೆಯನ್ನು ಅಳೆದೆವು. ಟೇಪು, ಗ್ರಾಫ್ ಹಾಳೆ, ಪೆನ್ಸಿಲು, ಮೊಬೈಲ್ ಫೋನಿನ ಕ್ಯಾಮೆರಾ, ಇಷ್ಟೇ ಸಲಕರಣೆ. ಪ್ರತಿ ಗೋಡೆಯ ಉದ್ದ, ದಪ್ಪ, ಕಂಬದ ಎತ್ತರ, ಬೋದಿಗೆಯ ಕೆತ್ತನೆ, ತೊಟ್ಟಿಯ ನೀರು ಹೋಗುವ ಕಂಡಿ, ಒಳಕಲ್ಲು ಇದ್ದ ಜಾಗ, ಹಗೇವಿನ ಬಾಯಿ. ಅತ್ತಿಗೆಯೇ ಬಂದು, ಸೊಸೆಯಾಗಿ ಬಂದ ಹೊಸತರಲ್ಲಿ ಯಾವ ಕಂಬಕ್ಕೆ ಒರಗಿ ಕೂರುತ್ತಿದ್ದರು, ಎಲ್ಲಿ ಹೆರಿಗೆಯ ಕೋಣೆ ಇತ್ತು, ಯಾವ ಕಿಂಡಿಯಿಂದ ಬೀದಿ ಕಾಣುತ್ತಿತ್ತು ಎಂದು ಹೇಳುತ್ತಾ ಹೋದರು. ಅದನ್ನೆಲ್ಲ ಹುಡುಗಿಯೊಬ್ಬಳು ನಕ್ಷೆಯ ಅಂಚಿನಲ್ಲಿ ಬರೆದುಕೊಂಡಳು. ನನಗೆ ಹೊಳೆಯದಿದ್ದ ಉಪಾಯ ಅದು.

ಆಮೇಲೆ ಬೀದಿಯನ್ನು ಅಳೆಯಲು ಹೊರಟೆವು. ಯಾವ ಮನೆಗೆ ಜಗಲಿ ಉಳಿದಿದೆ, ಯಾವುದಕ್ಕೆ ಗ್ರಿಲ್ಲು ಬಂದಿದೆ, ಯಾವ ಬಾಗಿಲಿಗೆ ಬೀಗ ಬಿದ್ದಿದೆ ಎಂದು ಗುರುತು ಹಾಕುತ್ತಾ ಬೀದಿಯ ತುದಿಗೆ ಬಂದು ಟೇಪು ಸುತ್ತುತ್ತಿದ್ದೆವು. ಅಲ್ಲಿ ಕಲ್ಲಿನ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದ ಹಿರಿಯರೊಬ್ಬರು ಕೇಳಿದರು: "ಏನ್ ಸಾ, ಊರು ಅಳೀತಾ ಇದೀರಾ?"

"ಹೌದು ಯಜಮಾನರೇ, ಊರಿನ ನಕ್ಷೆ ಬರೀತಾ ಇದೀವಿ" ಎಂದೆ.

"ಮತ್ತೆ ಇಲ್ಲಿಗೇ ನಿಲ್ಲಿಸ್ಬುಟ್ರಲ್ಲ? ನಮ್ ಬೀದೀನೂ ಬರ್ಕೊಳಿ. ಅದೂ ಊರೇ ಅಲ್ವಾ?"

ಹುಡುಗರು ನನ್ನ ಮುಖ ನೋಡಿದರು. ಈ ಭಾಷಣದಲ್ಲಿ ಆಗಲೇ ಹೇಳಿದ ಆ ಬಯಲಿನ ಈಚೆ ದಡದಲ್ಲಿ ನಾವು ನಿಂತಿದ್ದೆವು. ಅಲ್ಲಿಗೆ ಊರು ಮುಗಿಯಿತೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ; ನನ್ನ ಕೈಯಲ್ಲಿದ್ದ ಟೇಪು ತಾನಾಗಿಯೇ ಅಲ್ಲಿ ಸುತ್ತಿಕೊಂಡಿತ್ತು.

ಮಾರನೆಯ ದಿನ ಅವರ ಕೇರಿಯನ್ನು ಅಳೆದೆವು. ಅಲ್ಲಿ ತೊಟ್ಟಿ ಮನೆಗಳಿರಲಿಲ್ಲ. ಒಂದೂವರೆ ಅಂಕಣದ ಹಳೆಯ ಮನೆ ಒಂದೇ ಉಳಿದಿತ್ತು. ಉಳಿದವು ಸರ್ಕಾರದ ಯೋಜನೆಗಳಲ್ಲಿ ಬೇರೆಬೇರೆ ಕಾಲಕ್ಕೆ ಕಟ್ಟಿಸಿದವು, ಒಂದೊಂದು ಕಾಲದ್ದಕ್ಕೆ ಒಂದೊಂದು ಅಳತೆ. ಹಿರಿಯರು ಜೊತೆಗೇ ನಡೆದು, ಮೊದಲ ವಿದ್ಯುತ್ ದೀಪದ ಕಂಬ ಎಲ್ಲಿತ್ತು, ರಾತ್ರಿ ಶಾಲೆ ಯಾವ ಮನೆಯ ಮುಂದೆ ನಡೆಯುತ್ತಿತ್ತು, ಕೇರಿಯವರು ತಾವೇ ತೋಡಿದ ಬಾವಿ ಎಲ್ಲಿತ್ತು ಎಂದು ತೋರಿಸಿದರು. ಬಾವಿ ಈಗ ಮುಚ್ಚಿದೆ. ಅದರ ಕಟ್ಟೆಯ ಎರಡು ಕಲ್ಲುಗಳು, ಹಗ್ಗ ಉಜ್ಜಿ ಸವೆದ ಗೆರೆಗಳ ಸಮೇತ, ಒಂದು ಮನೆಯ ಮೆಟ್ಟಿಲಾಗಿವೆ. ಅವುಗಳ ಚಿತ್ರವನ್ನೂ ತೆಗೆದೆವು.

ನಮ್ಮ ಮನೆಯನ್ನು ಜೂನ್ ತಿಂಗಳಲ್ಲಿ ಕೆಡವಿದರು. ಕಂಬಗಳನ್ನು ಹಳೆಯ ಮರದ ವ್ಯಾಪಾರಿಯೊಬ್ಬರು ಕೊಂಡರು. ಯಾವುದೋ ರೆಸಾರ್ಟಿಗೆ ಹೋಗುತ್ತವಂತೆ. ಎರಡನ್ನು ಮಾತ್ರ ಅಣ್ಣ ಮಾರಲಿಲ್ಲ. ಅತ್ತಿಗೆ ಒರಗಿ ಕೂರುತ್ತಿದ್ದ ಕಂಬ ಅವುಗಳಲ್ಲಿ ಒಂದು. ವಿದ್ಯಾರ್ಥಿಗಳು ಎರಡು ನಕ್ಷೆಗಳನ್ನೂ ಒಂದೇ ದೊಡ್ಡ ಹಾಳೆಗೆ ಸೇರಿಸಿ ಬರೆಯುತ್ತಿದ್ದಾರೆ. ನಡುವಣ ಬಯಲನ್ನು ಯಾವ ಬಣ್ಣದಲ್ಲಿ ತೋರಿಸಬೇಕು ಎಂದು ಮೊನ್ನೆ ಫೋನು ಮಾಡಿ ಕೇಳಿದರು. ನೀವೇ ಯೋಚಿಸಿ, ಕೇರಿಯ ಆ ಹಿರಿಯರನ್ನೂ ಕೇಳಿ ತೀರ್ಮಾನಿಸಿ ಎಂದಿದ್ದೇನೆ.